ಕೇಳಿದರಷ್ಟೇ ಹೇಳುವ ನೀರು

ಮನೆಗೆ ಬಂದವರಿಗೆ ಮೊದಲು ಒಂದು ಲೋಟ ನೀರು ಕೊಡುವುದು ನಮ್ಮಲ್ಲಿ ರೂಢಿ. ಕೊಟ್ಟವರನ್ನು ನಂಬಿ ಕುಡಿಯುವುದೂ ರೂಢಿಯೇ. ನೀರು ಕಲಕಿದ್ದರೆ, ವಾಸನೆ ಬಂದರೆ ಮಾತ್ರ ನಾವು ಲೋಟವನ್ನು ಕೆಳಗಿಡುತ್ತೇವೆ. ಬಣ್ಣವಿಲ್ಲದ, ರುಚಿ ಕೆಡಿಸದ, ಕುದಿಸಿದರೂ ಹೋಗದ ವಿಷ ಅದರಲ್ಲಿದ್ದರೆ? ಅದನ್ನು ತಿಳಿಸಬೇಕಾದವರು ಪರೀಕ್ಷೆ ಮಾಡುವವರು. ಪರೀಕ್ಷೆ ಮಾಡಿಯೂ ಅವರು ಸುಮ್ಮನಿದ್ದರೆ? 2019ರಲ್ಲಿ ತೆರೆಕಂಡ ‘ಡಾರ್ಕ್ ವಾಟರ್ಸ್’ ಎಂಬ ಅಮೆರಿಕನ್ ಚಿತ್ರವನ್ನು ಮತ್ತೊಮ್ಮೆ ನೋಡಿದಾಗ ನಮ್ಮನ್ನು ಕಾಡಿದ್ದು ಈ ಎರಡನೆಯ ಪ್ರಶ್ನೆ.

ಟಾಡ್ ಹೇನ್ಸ್ ನಿರ್ದೇಶಿಸಿದ ಈ ಚಿತ್ರ ಕಟ್ಟುಕಥೆಯಲ್ಲ. ಪತ್ರಕರ್ತ ನಥಾನಿಯಲ್ ರಿಚ್ 2016ರಲ್ಲಿ ಬರೆದ ಲೇಖನವೊಂದು ಅದಕ್ಕೆ ಆಧಾರ. ವೆಸ್ಟ್ ವರ್ಜೀನಿಯಾದ ಪಾರ್ಕರ್ಸ್‌ಬರ್ಗ್ ಪಟ್ಟಣದ ಹತ್ತಿರ, ಒಹಾಯೊ ನದಿಯ ದಂಡೆಯಲ್ಲಿ, ಡುಪಾಂಟ್ ಕಂಪೆನಿಯ ದೊಡ್ಡ ಕಾರ್ಖಾನೆ. ನಮ್ಮ ಅಡುಗೆಮನೆಯ ಅಂಟದ ಬಾಣಲೆಗೆ ಬಳಿಯುವ ಟೆಫ್ಲಾನ್ ತಯಾರಾಗುತ್ತಿದ್ದುದು ಅಲ್ಲೇ. ಅದಕ್ಕಾಗಿ 1951ರಿಂದ ಬಳಸುತ್ತಿದ್ದ ರಾಸಾಯನಿಕದ ಹೆಸರು ಪಿಎಫ್‌ಒಎ. ಕಾರ್ಖಾನೆಯವರ ಬಾಯಲ್ಲಿ ‘ಸಿ-8’. ಮಣ್ಣಲ್ಲಿ ಕೊಳೆಯದ, ಬಿಸಿಲಿಗೆ ಕರಗದ, ದೇಹ ಸೇರಿದರೆ ವರ್ಷಗಟ್ಟಲೆ ಹೊರಗೆ ಹೋಗದ ವಸ್ತು ಅದು. ಅಂಥ ಸಾವಿರಾರು ರಾಸಾಯನಿಕಗಳ ಗುಂಪಿಗೆ ಇಂದು ಪಿಎಫ್‌ಎಎಸ್ ಎನ್ನುತ್ತಾರೆ. ಕಾರ್ಖಾನೆಯ ಕಸ ಸುರಿಯುವ ಜಾಗದಿಂದ ಹರಿದ ತೊರೆಯ ನೀರು ಕುಡಿದು ವಿಲ್ಬರ್ ಟೆನೆಂಟ್ ಎಂಬ ರೈತನ ದನಗಳು ಒಂದೊಂದಾಗಿ ಸತ್ತವು. ಊರಿನ ವಕೀಲರಾರೂ ಅವನ ಪರ ನಿಲ್ಲಲಿಲ್ಲ. 1998ರಲ್ಲಿ ಅವನು ದೂರದ ಸಿನ್ಸಿನಾಟಿಯ ರಾಬ್ ಬಿಲಟ್ ಎಂಬ ವಕೀಲರ ಮೊರೆಹೋದ. ಬಿಲಟ್ ಅದುವರೆಗೂ ರಾಸಾಯನಿಕ ಕಂಪೆನಿಗಳ ಪರವಾಗಿಯೇ ವಾದಿಸುತ್ತಿದ್ದವರು.

ಟೆನೆಂಟ್ ಓದು ಬಲ್ಲ ಪಂಡಿತನಲ್ಲ. ಆದರೆ ಸತ್ತ ಕರುವಿನ ಹೊಟ್ಟೆ ಕೊಯ್ದು, ಕಪ್ಪಾದ ಹಲ್ಲು, ಊದಿದ ಅಂಗಗಳನ್ನು ವೀಡಿಯೊ ಮಾಡಿಟ್ಟುಕೊಂಡಿದ್ದ. ಇದೂ ಒಂದು ಪರೀಕ್ಷೆಯೇ ತಾನೆ? ಅದಕ್ಕೆ ಉತ್ತರವಾಗಿ ಬಂದದ್ದು ದೊಡ್ಡವರ ಪರೀಕ್ಷೆ. ಕಂಪೆನಿ ಆರಿಸಿದ ಮೂವರು, ಸರಕಾರದ ಪರಿಸರ ಸಂಸ್ಥೆ ಆರಿಸಿದ ಮೂವರು, ಹೀಗೆ ಆರು ಮಂದಿ ಪಶುವೈದ್ಯರು ಕೂತು ವರದಿ ಬರೆದರು. ದನಗಳಿಗೆ ಮೇವು ಸಾಲದು, ಔಷಧೋಪಚಾರ ಸಾಲದು, ನೊಣದ ಕಾಟ ತಡೆದಿಲ್ಲ, ತಪ್ಪು ಸಾಕಿದವನದೇ. ಸಿ-8ರ ಹೆಸರೇ ಗೊತ್ತಿಲ್ಲದ ಕಡೆ ಸಿ-8 ಸಿಗುವುದಾದರೂ ಹೇಗೆ? ಚಿತ್ರದ ಅತ್ಯಂತ ಬೆಲೆಯುಳ್ಳ ತಿಳಿವಳಿಕೆ ನಮಗೆ ಕಂಡದ್ದು ಇಲ್ಲಿ. ನೀರು ಸುಳ್ಳು ಹೇಳುವುದಿಲ್ಲ, ನಿಜ. ಆದರೆ ಅದು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಹೇಳುತ್ತದೆ. ಪ್ರಶ್ನೆ ಯಾವುದೆಂದು ತೀರ್ಮಾನಿಸುವವನು ಉತ್ತರವನ್ನೂ ಅರ್ಧ ತೀರ್ಮಾನಿಸಿರುತ್ತಾನೆ.

ಸರಿಯಾದ ಪ್ರಶ್ನೆ ಗೊತ್ತಿದ್ದವರು ಒಬ್ಬರಿದ್ದರು. ಅದು ಕಂಪೆನಿಯೇ. ನ್ಯಾಯಾಲಯದ ಆದೇಶದಂತೆ ಡುಪಾಂಟ್ ಕೊಟ್ಟ ಒಂದು ಲಕ್ಷಕ್ಕೂ ಮಿಕ್ಕಿದ ಪುಟಗಳನ್ನು ಬಿಲಟ್ ನೆಲದ ಮೇಲೆ ಹರಡಿಕೊಂಡು ತಿಂಗಳುಗಟ್ಟಲೆ ಓದಿದರು. ಅದರಿಂದ ಹೊರಬಿದ್ದ ಸಂಗತಿಗಳು ಬೆಚ್ಚಿಬೀಳಿಸುವಂಥವು. 1961ರಲ್ಲೇ ಪ್ರಾಣಿಗಳ ಯಕೃತ್ತು ಊದುವುದು ಅವರಿಗೆ ತಿಳಿದಿತ್ತು. 1981ರಲ್ಲಿ ಕಾರ್ಖಾನೆಯ ಮಹಿಳಾ ಕಾರ್ಮಿಕರಿಗೆ ಹುಟ್ಟಿದ ಏಳು ಶಿಶುಗಳಲ್ಲಿ ಎರಡಕ್ಕೆ ಕಣ್ಣಿನ ದೋಷವಿದ್ದುದನ್ನು ಅವರೇ ದಾಖಲಿಸಿದ್ದರು. 1984ರಲ್ಲಿ ಸುತ್ತಲ ಊರುಗಳ ನಲ್ಲಿ ನೀರನ್ನು ಸದ್ದಿಲ್ಲದೆ ತರಿಸಿ ಪರೀಕ್ಷಿಸಿದ್ದರು. ನೀರಿನಲ್ಲಿ ಸಿ-8 ಇತ್ತು. ಜನರಿಗೆ ಹೇಳಲಿಲ್ಲ. ಅದೇ ನೀರಿನಿಂದ ಆ ಊರುಗಳ ತಾಯಂದಿರು ಮಕ್ಕಳಿಗೆ ಹಾಲಿನ ಪುಡಿ ಕದಡಿದರು. ಆದ್ದರಿಂದ ಇದು ಪರೀಕ್ಷೆಯೇ ಇಲ್ಲದ ಊರಿನ ಕತೆಯಲ್ಲ. ಪರೀಕ್ಷೆಯ ಫಲಿತಾಂಶ ಯಾರ ಸೊತ್ತು ಎಂಬುದರ ಕತೆ.

ಇನ್ನೊಂದು ಸೂಕ್ಷ್ಮವಿದೆ. ಫಲಿತಾಂಶ ಕೈಗೆ ಬಂದರೂ ಅದಕ್ಕೆ ಅರ್ಥ ಬರುವುದು ‘ಇಷ್ಟರವರೆಗೆ ಸುರಕ್ಷಿತ’ ಎಂಬ ಗೆರೆಯಿಂದ. ಆ ಗೆರೆ ಎಳೆದವರಾರು? 1991ರಲ್ಲಿ ಕಂಪೆನಿ ತನ್ನೊಳಗೇ ಹಾಕಿಕೊಂಡ ಗೆರೆ ಲೀಟರಿಗೆ 1,000 ನ್ಯಾನೋಗ್ರಾಂ. ಒಂದು ಊರಿನ ನೀರಿನಲ್ಲಿ ಅದರ ಮೂರು ಪಟ್ಟು ಇತ್ತು. ಗುಟ್ಟು ರಟ್ಟಾದ ಮೇಲೆ, 2002ರಲ್ಲಿ, ಕಂಪೆನಿಯ ವಿಜ್ಞಾನಿಗಳೂ ಕೂತಿದ್ದ ರಾಜ್ಯ ಸರಕಾರದ ತಂಡ ಹೊಸ ಗೆರೆ ಎಳೆಯಿತು: ಲೀಟರಿಗೆ 1,50,000 ನ್ಯಾನೋಗ್ರಾಂ! ನೀರು ಬದಲಾಗಲಿಲ್ಲ, ಗೆರೆ ಬದಲಾಯಿತು. ಬೆಳಗಾಗುವುದರೊಳಗೆ ಎಲ್ಲರ ನೀರೂ ‘ಶುದ್ಧ’ವಾಯಿತು. ಅಮೆರಿಕದ ಪರಿಸರ ಸಂಸ್ಥೆ ಅದನ್ನು 2009ರಲ್ಲಿ 400ಕ್ಕೆ, 2016ರಲ್ಲಿ 70ಕ್ಕೆ ತಂದಿತು. ಅವೆರಡೂ ಬರೀ ಸಲಹೆಗಳು. ಕಾನೂನಿನ ಬಲವುಳ್ಳ ಮೊದಲ ಮಿತಿ ಬಂದದ್ದು 2024ರ ಎಪ್ರಿಲ್‌ನಲ್ಲಿ: 4 ನ್ಯಾನೋಗ್ರಾಂ. 1984ರಿಂದ ಎಣಿಸಿದರೆ ಸರಿಯಾಗಿ ನಲವತ್ತು ವರ್ಷ. 2025ರ ಮೇ ತಿಂಗಳಲ್ಲಿ ಅದೇ ಸಂಸ್ಥೆ ಈ ಮಿತಿಯನ್ನು ಉಳಿಸಿಕೊಂಡೂ ಪಾಲಿಸುವ ಗಡುವನ್ನು 2031ಕ್ಕೆ ಮುಂದೂಡುವುದಾಗಿ, ಇದೇ ಗುಂಪಿನ ಇತರ ಕೆಲವು ರಾಸಾಯನಿಕಗಳ ಮಿತಿಯನ್ನು ಹಿಂದೆಗೆಯುವುದಾಗಿ ಪ್ರಕಟಿಸಿತು.

ಚಿತ್ರದ ಬಗ್ಗೆ ನಮ್ಮ ಮೆಚ್ಚುಗೆ ದೊಡ್ಡದು. ಬಣ್ಣ ತಣ್ಣಗಿದೆ, ಗತಿ ನಿಧಾನವಿದೆ, ಅಬ್ಬರವಿಲ್ಲ. ಮಾರ್ಕ್ ರಫಲೊ ಅಭಿನಯದ ವಕೀಲ ವೀರನಂತೆ ಎದೆಯುಬ್ಬಿಸುವುದಿಲ್ಲ. ವರ್ಷ ಕಳೆದಂತೆ ಅವನ ಭುಜ ಬಾಗುತ್ತಾ ಹೋಗುತ್ತದೆ. ಬಿಲ್ ಕ್ಯಾಂಪ್ ಅಭಿನಯದ ಟೆನೆಂಟ್‌ನ ಕೋಪ ನೋಡಿದವರಿಗೆ ಮರೆಯದು. ಕಡತ ಓದುವುದೂ ಒಂದು ಸಾಹಸವೇ ಎಂದು ತೋರಿಸಿದ ಚಿತ್ರಗಳು ಎಷ್ಟಿವೆ?

ಆದರೂ ನಮ್ಮದೊಂದು ಗಟ್ಟಿ ಆಕ್ಷೇಪವಿದೆ. ಒಬ್ಬ ವಕೀಲನನ್ನು ಎತ್ತಿ ಹಿಡಿಯುವ ಭರದಲ್ಲಿ ಚಿತ್ರ ಒಂದು ಇಡೀ ನಾಡಿನ ಜನರನ್ನು ಸರತಿ ಸಾಲಾಗಿಸಿಬಿಟ್ಟಿದೆ. 2004ರ ರಾಜಿಯಲ್ಲಿ ಆರು ನೀರು ಸರಬರಾಜು ವಲಯಗಳ ಜನರಿಗೆ 7 ಕೋಟಿ ಡಾಲರ್ ಮತ್ತು ಶುದ್ಧೀಕರಣ ಘಟಕಗಳು ಸಿಕ್ಕವು. ಹಣ ಹಂಚಿಕೊಂಡು ಮನೆಗೆ ಹೋಗಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ತಲೆಗೆ 400 ಡಾಲರಿನಂತೆ ಕೊಟ್ಟು, ಬಂದವರ ರಕ್ತ ಪರೀಕ್ಷಿಸಿ, ಕಾಯಿಲೆಗಳ ವಿವರ ಬರೆಸಿಕೊಳ್ಳುವುದೆಂದಾಯಿತು. ಸುಮಾರು 69,000 ಮಂದಿ ತೋಳು ಚಾಚಿದರು. ಅದರಲ್ಲೊಂದು ಪಣವೂ ಇತ್ತು: ಎರಡೂ ಕಡೆಯವರು ಒಪ್ಪಿದ ಮೂವರು ವಿಜ್ಞಾನಿಗಳ ಸಮಿತಿ ಸಿ-8ಕ್ಕೂ ಕಾಯಿಲೆಗೂ ನಂಟಿಲ್ಲ ಎಂದರೆ, ಆ ಕಾಯಿಲೆಗಾಗಿ ಪರಿಹಾರ ಕೇಳುವ ಹಕ್ಕೇ ಹೋಗುತ್ತಿತ್ತು. ಏಳು ವರ್ಷ ಕಾದರು. ಕಾಯುತ್ತಲೇ ಕೆಲವರು ತೀರಿಕೊಂಡರು. ಟೆನೆಂಟ್ 2009ರಲ್ಲಿ ಹೋದ. 2012ರ ಹೊತ್ತಿಗೆ ಸಮಿತಿ ಆರು ಕಾಯಿಲೆಗಳಿಗೆ ನಂಟಿರುವ ಸಂಭವವೇ ಹೆಚ್ಚೆಂದು ಹೇಳಿತು: ಮೂತ್ರಪಿಂಡದ ಕ್ಯಾನ್ಸರ್, ವೃಷಣದ ಕ್ಯಾನ್ಸರ್, ಥೈರಾಯ್ಡ್ ಕಾಯಿಲೆ, ದೊಡ್ಡ ಕರುಳಿನ ಹುಣ್ಣು, ಬಸುರಿಯರ ರಕ್ತದೊತ್ತಡ, ಅಧಿಕ ಕೊಲೆಸ್ಟರಾಲ್. 2017ರಲ್ಲಿ ಸುಮಾರು 3,500 ಮೊಕದ್ದಮೆಗಳಿಗೆ 67 ಕೋಟಿ ಡಾಲರಿನ ರಾಜಿ ಆಯಿತು. ತಪ್ಪನ್ನು ಮಾತ್ರ ಕಂಪೆನಿ ಒಪ್ಪಿಕೊಳ್ಳಲಿಲ್ಲ.

ಈ ರಕ್ತ ಕೊಟ್ಟವರ ಮನೆಯೊಳಗೆ ಚಿತ್ರ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಏಳು ವರ್ಷದ ಕಾಯುವಿಕೆಯನ್ನು ನಾವು ನೋಡುವುದು ವಕೀಲನ ಕಾಯಿಲೆ, ಅವನ ಸಂಸಾರದ ಬಿರುಕುಗಳ ಮೂಲಕವೇ. ಅನ್ನ ಕೊಡುವ ಕಾರ್ಖಾನೆಯೇ ವಿಷ ಕೊಟ್ಟಿದೆ ಎಂದು ತಿಳಿದ ಮೇಲೂ ಅದೇ ಗೇಟಿನೊಳಗೆ ದುಡಿಯಲು ಹೋಗುವವನ ಸಂಕಟವೇನು? ದೂರು ಕೊಟ್ಟವನ ಮೇಲೆ ನೆರೆಯವರೇ ಮುನಿಸಿಕೊಂಡರೆ ಅವನು ಯಾರ ಮುಖ ನೋಡಬೇಕು? ಇವು ಮಿಂಚಿ ಮರೆಯಾಗುತ್ತವೆ. ಈ ಹೋರಾಟದಲ್ಲಿ ಕೊನೆಗೂ ಸತ್ಯವನ್ನು ಸ್ಥಾಪಿಸಿದ್ದು ಒಬ್ಬನ ಜಾಣ್ಮೆಯಷ್ಟೇ ಅಲ್ಲ, ಸಾವಿರಾರು ಸಾಮಾನ್ಯರ ರಕ್ತ. ಕಂಪೆನಿಯ ಗುಟ್ಟಿನ ಪರೀಕ್ಷೆಗೆ ಜನರ ಬಹಿರಂಗ ಪರೀಕ್ಷೆಯೇ ಉತ್ತರವಾಯಿತು. ಚಿತ್ರದ ನಡು ಇಲ್ಲಿರಬೇಕಿತ್ತು.

ಸಿನಿಮಾ ಹೇಳದ ಇನ್ನೊಂದು ಭಾಗ ಪರೀಕ್ಷೆಯ ಕಷ್ಟ. ನಾಲ್ಕು ನ್ಯಾನೋಗ್ರಾಂ ಎಂದರೆ ಒಂದು ಗ್ರಾಮಿನ ನೂರು ಕೋಟಿ ಪಾಲುಗಳಲ್ಲಿ ನಾಲ್ಕು ಪಾಲು. ಮಾದರಿ ತೆಗೆಯುವವನ ಮಳೆ ಅಂಗಿಯಿಂದಲೋ, ನಲ್ಲಿಗೆ ಸುತ್ತಿದ ಟೆಫ್ಲಾನ್ ಟೇಪಿನಿಂದಲೋ ಅಷ್ಟು ಸೇರಿಬಿಡಬಹುದು. ಆದ್ದರಿಂದ ವಿಶೇಷ ಪ್ಲಾಸ್ಟಿಕ್ ಬಾಟಲಿ, ತೊಳೆದ ಕೈ, ಜತೆಗೆ ಶುದ್ಧ ನೀರಿನ ಇನ್ನೊಂದು ಬಾಟಲಿ ಬೇಕು. ಆ ಶುದ್ಧ ನೀರಿನಲ್ಲೂ ವಿಷ ಕಂಡರೆ ದೋಷ ತೆಗೆದವನದು ಎಂದರ್ಥ. ಉಪಕರಣವೂ ದುಬಾರಿ. ಅಮೆರಿಕ 2013ರಿಂದ 2015ರವರೆಗೆ ಮೊದಲ ಬಾರಿ ದೇಶದುದ್ದಕ್ಕೂ ನೀರಿನಲ್ಲಿ ಇಂಥ ಆರು ರಾಸಾಯನಿಕಗಳನ್ನು ಹುಡುಕಿತು. ಆಗ ಪಿಎಫ್‌ಒಎ 20 ನ್ಯಾನೋಗ್ರಾಮಿಗಿಂತ ಕಡಿಮೆಯಿದ್ದರೆ ವರದಿ ಮಾಡಬೇಕಾಗಿರಲಿಲ್ಲ. ದೊಡ್ಡ ಕಣ್ಣಿನ ಬಲೆಯಲ್ಲಿ ಸಣ್ಣ ಮೀನು ಸಿಗದು. ಕಡಲಲ್ಲಿ ಸಣ್ಣ ಮೀನೇ ಇಲ್ಲವೆಂದು ಅದರಿಂದ ಹೇಳಬಹುದೇ? 2023ರಲ್ಲಿ ಆರಂಭವಾದ ಮುಂದಿನ ಸುತ್ತಿನಲ್ಲಿ 29 ರಾಸಾಯನಿಕಗಳನ್ನು, ಬಿಗಿಯಾದ ಬಲೆಯಿಂದ, ಸಣ್ಣ ಊರುಗಳಲ್ಲೂ ಹುಡುಕಲಾಯಿತು.

ಇದೆಲ್ಲ ಅಮೆರಿಕದ ಮಾತು, ನಮಗೇಕೆ ಎನ್ನುವವರಿಗೆ ಎರಡು ಸಂಗತಿ. ಇಟಲಿಯ ವಿಚೆನ್ಸಾ ಪ್ರಾಂತದ ನೀರನ್ನು ಇದೇ ಗುಂಪಿನ ರಾಸಾಯನಿಕಗಳಿಂದ ಕೆಡಿಸಿದ ಮಿಟೆನಿ ಕಾರ್ಖಾನೆ 2018ರಲ್ಲಿ ದಿವಾಳಿಯಾಯಿತು. 2025ರ ಜೂನ್‌ನಲ್ಲಿ ಅಲ್ಲಿನ ನ್ಯಾಯಾಲಯ ಅದರ ಹನ್ನೊಂದು ಅಧಿಕಾರಿಗಳಿಗೆ ಶಿಕ್ಷೆ ವಿಧಿಸಿತು. ಆ ಕಾರ್ಖಾನೆಯ ಯಂತ್ರಗಳನ್ನು ಕೊಂಡದ್ದು ಭಾರತದ ಒಂದು ಕಂಪೆನಿ. ಅವು ಬಂದಿಳಿದದ್ದು ನಮ್ಮದೇ ಪಶ್ಚಿಮ ಕರಾವಳಿಯ ಮೇಲುಗಡೆ, ರತ್ನಗಿರಿ ಜಿಲ್ಲೆಯ ಲೋಟೆಯಲ್ಲಿ. ಅಲ್ಲಿಯ ನೀರು ಕೆಟ್ಟಿದೆ ಎಂದು ನಾವು ಹೇಳುತ್ತಿಲ್ಲ. ಕೆಟ್ಟರೆ ಗೊತ್ತಾಗುವ ದಾರಿ ಇದೆಯೇ ಎಂದು ಕೇಳುತ್ತಿದ್ದೇವೆ. ಎರಡನೆಯದು, ನಮ್ಮ ಕುಡಿಯುವ ನೀರಿನ ಮಾನಕವಾದ ಐಎಸ್ 10500ರ 2012ರ ಪಟ್ಟಿಯಲ್ಲಿ ಫ್ಲೋರೈಡ್ ಇದೆ, ನೈಟ್ರೇಟ್ ಇದೆ, ಆರ್ಸೆನಿಕ್ ಇದೆ, ಕೀಟನಾಶಕಗಳೂ ಇವೆ, ಪಿಎಫ್‌ಎಎಸ್ ಇಲ್ಲ. ಹಳ್ಳಿಯ ಹೆಣ್ಣುಮಕ್ಕಳಿಗೆ ತರಬೇತಿ ಕೊಟ್ಟು ಕೈಗಿತ್ತ ಪರೀಕ್ಷಾ ಪೆಟ್ಟಿಗೆ ಒಳ್ಳೆಯ ಕೆಲಸ ಮಾಡುತ್ತಿದೆ, ಆದರೆ ಅದರ ಕಣ್ಣಿಗೆ ಇದು ಕಾಣದು. ಫ್ಲೋರೈಡ್‌ನಿಂದ ಹಲ್ಲು, ಮೂಳೆ ಸವೆಸಿಕೊಂಡ ಪಾವಗಡದಂಥ ಊರುಗಳನ್ನು ಕಂಡ ನಾವು, ತಡವಾಗಿ ಕೇಳಿದ ಪ್ರಶ್ನೆಯ ಬೆಲೆ ಏನೆಂದು ಬೇರೆಯವರಿಂದ ಕಲಿಯಬೇಕಾಗಿಲ್ಲ.

ನೀರಿನ ವರದಿಯಲ್ಲಿ ‘ಕುಡಿಯಲು ಯೋಗ್ಯ’ ಎಂಬ ಮೊಹರು ಕಂಡಾಗ ನಾವು ಮೂರು ಮಾತು ಕೇಳಬೇಕು: ಏನನ್ನು ಹುಡುಕಿದಿರಿ? ಯಾವ ಗೆರೆಗೆ ಹೋಲಿಸಿದಿರಿ? ಫಲಿತಾಂಶವನ್ನು ಯಾರಿಗೆ ತೋರಿಸಿದಿರಿ? ಪಾರ್ಕರ್ಸ್‌ಬರ್ಗ್‌ನ ಸುತ್ತಲಿನವರು ಇದನ್ನು ಕೇಳುವ ಹೊತ್ತಿಗೆ ಉತ್ತರ ಅವರ ರಕ್ತದಲ್ಲಿತ್ತು. ನೀರು ಇನ್ನೂ ಲೋಟದಲ್ಲಿರುವಾಗಲೇ ನಾವು ಕೇಳುವುದು ಲೇಸು.