ಎರಡು ಭಾಷೆಯ ತರಗತಿಗೆ ಒಂದೇ ಭಾಷೆಯ ತರಬೇತಿ

ಸರ್ಕಾರಿ ಶಾಲೆಗಳಲ್ಲಿ ಕನ್ನಡದ ಜೊತೆಗೆ ಇಂಗ್ಲಿಷಿನಲ್ಲೂ ಪಾಠ ಮಾಡುವ ಪ್ರಯೋಗಕ್ಕೆ ಕರ್ನಾಟಕದಲ್ಲಿ ಈಗ ಕೆಲವು ವರ್ಷಗಳ ಇತಿಹಾಸವಿದೆ. 2019-20ರಲ್ಲಿ 1000 ಸರ್ಕಾರಿ ಶಾಲೆಗಳಲ್ಲಿ ಆಂಗ್ಲ ಮಾಧ್ಯಮ ವಿಭಾಗ ತೆರೆಯಿತು. 2024-25ರ ಬಜೆಟ್‌ನಲ್ಲಿ 2000 ಪ್ರಾಥಮಿಕ ಶಾಲೆಗಳನ್ನು ದ್ವಿಭಾಷಾ ಮಾಧ್ಯಮಕ್ಕೆ ತರುವ ಘೋಷಣೆಯಾಯಿತು. ಮಕ್ಕಳು ವಿಜ್ಞಾನ, ಗಣಿತಗಳ ಬಗ್ಗೆ ಮನೆಮಾತಿನಲ್ಲೂ ಇಂಗ್ಲಿಷಿನಲ್ಲೂ ಯೋಚಿಸಿ ಮಾತಾಡುವಂತಾಗಬೇಕು, ಅದಕ್ಕೆ ಒಳ್ಳೆಯ ದ್ವಿಭಾಷಾ ಪುಸ್ತಕಗಳು ಬೇಕು ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಹೇಳಿದೆ. ಮಾಧ್ಯಮ ಯಾವುದಿರಬೇಕು ಎಂಬ ಚರ್ಚೆ ನಮ್ಮಲ್ಲಿ ದಶಕಗಳಿಂದ ನಡೆದಿದೆ. ಆದರೆ ಆ ತರಗತಿಯಲ್ಲಿ ನಿಂತು ಪಾಠ ಮಾಡಬೇಕಾದ ಶಿಕ್ಷಕರನ್ನು ಹೇಗೆ ಸಿದ್ಧಗೊಳಿಸುತ್ತಿದ್ದೇವೆ ಎಂಬುದರ ಬಗ್ಗೆ ಚರ್ಚೆ ತೀರಾ ಕಡಿಮೆ. ಈ ಸಿದ್ಧತೆಯ ಮೂಲದಲ್ಲೇ ಒಂದು ದೋಷವಿದೆ ಎಂಬುದು ನನ್ನ ವಾದ: ದ್ವಿಭಾಷಾ ತರಬೇತಿ ಎಂದರೆ ಇಂಗ್ಲಿಷ್ ತರಬೇತಿ ಎಂದು ನಾವು ನಂಬಿಕೊಂಡಿದ್ದೇವೆ.

2019ರಲ್ಲಿ ಆಂಗ್ಲ ಮಾಧ್ಯಮ ವಿಭಾಗಗಳಿಗೆ ಶಾಲೆಯಲ್ಲಿದ್ದ ಶಿಕ್ಷಕರನ್ನೇ ಆರಿಸಿ, ಅಲ್ಪಾವಧಿ ತರಬೇತಿ ಕೊಟ್ಟು ಕಳಿಸಲಾಯಿತು. ಇಂಥ ತರಬೇತಿಗಳಲ್ಲಿ ಒತ್ತು ಬೀಳುವುದು ಉಚ್ಚಾರಣೆ, ಸಂಭಾಷಣೆ, ತರಗತಿಯಲ್ಲಿ ಬಳಸುವ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಗಳ ಮೇಲೆ. ಇವು ಬೇಡವೆಂದಲ್ಲ. ಇಂಗ್ಲಿಷ್ ಬಾಯಿಗೆ ಬಾರದ ಶಿಕ್ಷಕರಿಗೆ ಧೈರ್ಯ ತುಂಬುವ ಕೆಲಸ ಆಗಲೇಬೇಕು. ಆದರೆ ಮಕ್ಕಳನ್ನು ಸಾಲಾಗಿ ನಿಲ್ಲಿಸಲು ಬೇಕಾದ ಇಂಗ್ಲಿಷ್ ಬೇರೆ, ಭಿನ್ನರಾಶಿ ಕಲಿಸಲು ಬೇಕಾದ ಇಂಗ್ಲಿಷ್ ಬೇರೆ.

ಭಿನ್ನರಾಶಿಯನ್ನೇ ತೆಗೆದುಕೊಳ್ಳಿ. 2/3 ಅನ್ನು ಕನ್ನಡದಲ್ಲಿ 'ಮೂರನೇ ಎರಡು' ಎನ್ನುತ್ತೇವೆ. ಛೇದ ಮೊದಲು, ಅಂಶ ಆಮೇಲೆ. ಜೋಳದ ರೊಟ್ಟಿಯನ್ನು ಮೊದಲು ಮೂರು ಸಮಪಾಲು ಮಾಡಿ, ಆಮೇಲೆ ಎರಡು ಪಾಲು ತೆಗೆದುಕೊಳ್ಳುವಾಗ ಕೈ ನಡೆಯುವ ಕ್ರಮವೂ ಇದೇ. ನಮ್ಮ ತರಗತಿಗಳ ಇಂಗ್ಲಿಷಿನಲ್ಲಿ ಅದೇ ಸಂಖ್ಯೆ 'ಟೂ ಬೈ ತ್ರೀ'. ಇಲ್ಲಿ ಓದು ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಎರಡು ರೊಟ್ಟಿಯನ್ನು ಮೂವರು ಮಕ್ಕಳಿಗೆ ಹಂಚುವ ಭಾಗಾಕಾರ ಅದರಲ್ಲಿ ಕಾಣುತ್ತದೆ. ಪಾಲು, ಭಾಗಾಕಾರ ಎರಡೂ ಭಿನ್ನರಾಶಿಯ ನಿಜವಾದ ಅರ್ಥಗಳೇ, ಮಗುವಿಗೆ ಎರಡೂ ಬೇಕು. ಇದು ಗೊತ್ತಿರುವ ಶಿಕ್ಷಕಿಯ ಕೈಯಲ್ಲಿ ಎರಡು ಭಾಷೆಗಳು ಎರಡು ಬೋಧನೋಪಕರಣಗಳಾಗುತ್ತವೆ. ಗೊತ್ತಿಲ್ಲದಿದ್ದರೆ ಕನ್ನಡದಲ್ಲಿ ಕೇಳಿದ್ದನ್ನು ಇಂಗ್ಲಿಷಿನಲ್ಲಿ ತಿರುವು ಮುರುವಾಗಿ ಕೇಳಿದ ಮಗು 3/2 ಎಂದು ಬರೆಯುತ್ತದೆ, ಶಿಕ್ಷಕಿ ಅದನ್ನು ಅಜಾಗರೂಕತೆ ಎಂದುಕೊಂಡು ಕೆಂಪು ಗೆರೆ ಎಳೆಯುತ್ತಾರೆ. ಇಂಥ ಜಾಗಗಳನ್ನು ಪಾಠದಿಂದ ಪಾಠಕ್ಕೆ ಗುರುತಿಸುವುದೇ ದ್ವಿಭಾಷಾ ತರಬೇತಿಯ ತಿರುಳಾಗಬೇಕಿತ್ತು.

ಇನ್ನೊಂದು ಸಂಗತಿ ನಮ್ಮ ತರಬೇತಿಗಳ ಗಮನಕ್ಕೇ ಬಂದಂತಿಲ್ಲ. ಗ್ರಾಮೀಣ ಶಾಲೆಗಳ ಬಹುಪಾಲು ಗಣಿತ, ವಿಜ್ಞಾನ ಶಿಕ್ಷಕರು ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲಿ ಓದಿದವರು. ಪಿಯುಸಿಗೆ ಬಂದೊಡನೆ ವಿಜ್ಞಾನವೆಲ್ಲ ಇಂಗ್ಲಿಷಾಯಿತು. ಬಿ.ಎಸ್ಸಿ.ಯನ್ನು ಇಂಗ್ಲಿಷ್ ನೋಟ್ಸ್ ಬಾಯಿಪಾಠ ಮಾಡಿ ದಾಟಿದರು. ಶಾಲೆಗೆ ಬಂದ ಮೇಲೆ ಕಲಿಸಬೇಕಾದದ್ದು ಮತ್ತೆ ಕನ್ನಡದಲ್ಲಿ. ಹೀಗೆ ಎರಡು ಸಲ ಭಾಷೆ ಬದಲಿಸಿದವರಲ್ಲಿ ಎಷ್ಟೋ ಪರಿಕಲ್ಪನೆಗಳು ಎರಡೂ ಕಡೆ ಅರ್ಧಕ್ಕೆ ನಿಂತಿರುತ್ತವೆ. ಆದರೆ ಎಲ್ಲಿ ಎಡವಿದೆವು, ಯಾವುದು ಕೈಹಿಡಿಯಿತು ಎಂಬುದನ್ನು ಅವರಿಗಿಂತ ಚೆನ್ನಾಗಿ ಬಲ್ಲವರೂ ಬೇರೆ ಇಲ್ಲ. ಆ ಅನುಭವವನ್ನು ಕೇಳಿ, ಬರೆಸಿ, ಚರ್ಚಿಸಿದರೆ ಅದೇ ತರಬೇತಿಯ ಮೊದಲ ಪಠ್ಯವಾಗಬಲ್ಲದು.

ಇದರ ಮೇಲೆ ವಿಷಯದ ಹೊರೆ ಬೇರೆ. ನಮ್ಮ ಪ್ರೌಢಶಾಲೆಗಳಲ್ಲಿ ಸಿ.ಬಿ.ಝಡ್. (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ) ಓದಿ ಬಂದವರು ಬೆಳಕು, ವಿದ್ಯುತ್ತಿನ ಪಾಠವನ್ನೂ ಮಾಡಬೇಕಾಗುತ್ತದೆ. ಪದವಿಯಲ್ಲಿ ಮುಟ್ಟದ ವಿಷಯವನ್ನು ಎರಡು ಭಾಷೆಯಲ್ಲಿ ಕಲಿಸಿ ಎಂದರೆ ಅವರ ಮುಂದೆ ಉಳಿಯುವುದು ಪುಸ್ತಕ ಓದಿಸಿ ಅರ್ಥ ಹೇಳುವ ದಾರಿಯೊಂದೇ.

ವೃತ್ತಿಗೆ ಮುಂಚಿನ ಶಿಕ್ಷಣವಾದರೂ ಈ ಕೊರತೆಯನ್ನು ತುಂಬಿಕೊಡುತ್ತದೆಯೇ? 1963ರಲ್ಲಿ ಶುರುವಾದ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯ ನಾಲ್ಕು ವರ್ಷಗಳ ಬಿ.ಎಸ್ಸಿ.ಎಡ್. ವಿಷಯಜ್ಞಾನವನ್ನೂ ಬೋಧನೆಯನ್ನೂ ಒಟ್ಟಿಗೆ ಕಲಿಸುವ ಒಳ್ಳೆಯ ಮಾದರಿ. ಆದರೆ ಅದು ಇಡೀ ದಕ್ಷಿಣದ ವಿದ್ಯಾರ್ಥಿಗಳಿಗಾಗಿ ಇಂಗ್ಲಿಷಿನಲ್ಲಿ ನಡೆಯುತ್ತ ಬಂದ ಕೋರ್ಸು. ಶಿಕ್ಷಕರ ಶಿಕ್ಷಣದ 2014ರ ರಾಷ್ಟ್ರೀಯ ನಿಯಮಗಳು ಬಿ.ಎಡ್. ಅವಧಿಯನ್ನು ಎರಡು ವರ್ಷಕ್ಕೇರಿಸಿ, 20 ವಾರಗಳ ಶಾಲಾ ಇಂಟರ್ನ್‌ಶಿಪ್ ಕಡ್ಡಾಯ ಮಾಡಿದವು. ಅದು ಒಳ್ಳೆಯ ಬದಲಾವಣೆಯೇ. ಆದರೆ ಶಿಕ್ಷಕರ ಕೊರತೆಯಿರುವ ಶಾಲೆಗೆ ಹೋದ ಪ್ರಶಿಕ್ಷಣಾರ್ಥಿ ಬಹಳ ಸಲ ಖಾಲಿ ಹುದ್ದೆ ತುಂಬುವ ಕೈಯಾಗುತ್ತಾನೆ. ಅವನ ಪಾಠವನ್ನು ಕೂತು ನೋಡಿ ತಿದ್ದುವವರು ಅಲ್ಲಿರುವುದಿಲ್ಲ.

ಇನ್ನು ಸೇವಾನಿರತರ ತರಬೇತಿ. ರಾಜ್ಯಮಟ್ಟದಲ್ಲಿ ಸಂಪನ್ಮೂಲ ವ್ಯಕ್ತಿಗಳು ಕಲಿಯುತ್ತಾರೆ, ಅವರು ಜಿಲ್ಲೆಯ ಶಿಕ್ಷಕ ತರಬೇತಿ ಸಂಸ್ಥೆಯಾದ ಡಯಟ್‌ನಲ್ಲಿ ಹೇಳುತ್ತಾರೆ, ಅಲ್ಲಿ ಕೇಳಿದವರು ಬ್ಲಾಕ್ ಸಂಪನ್ಮೂಲ ಕೇಂದ್ರದಲ್ಲಿ (ಬಿ.ಆರ್.ಸಿ.) ಒಪ್ಪಿಸುತ್ತಾರೆ. ಒಂದೊಂದು ಮೆಟ್ಟಿಲಲ್ಲೂ ಪ್ರಯೋಗ, ಪ್ರಶ್ನೆ, ಅನುಮಾನಗಳು ಉದುರಿ, ಕೊನೆಗೆ ತಲುಪುವುದು ಸುತ್ತೋಲೆಯ ಸಾರಾಂಶ. ವರ್ಷ ವರ್ಷವೂ ಹೊಸದಾಗಿ ನೇಮಕವಾಗುವ ಅತಿಥಿ ಶಿಕ್ಷಕರು ಮುಂದಿನ ಜೂನ್‌ನಲ್ಲಿ ಅದೇ ಶಾಲೆಯಲ್ಲಿರುವ ಖಾತ್ರಿಯೂ ಇಲ್ಲ.

ಇದಕ್ಕಿಂತ ಉತ್ತಮವಾದದ್ದನ್ನು ನಮ್ಮ ದೇಶ ಮಾಡಿ ತೋರಿಸಿದೆ. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯಲ್ಲಿ 1972ರಲ್ಲಿ 16 ಶಾಲೆಗಳಿಂದ ಶುರುವಾದ ವಿಜ್ಞಾನ ಬೋಧನಾ ಕಾರ್ಯಕ್ರಮದಲ್ಲಿ ಹಳ್ಳಿಯ ಶಿಕ್ಷಕರು ಬೇಸಿಗೆ ರಜೆಯಲ್ಲಿ ವಾರಗಟ್ಟಲೆ ಕೂತು, ಮಕ್ಕಳು ಮಾಡಬೇಕಾದ ಪ್ರಯೋಗಗಳನ್ನು ಮೊದಲು ತಾವೇ ಮಾಡುತ್ತಿದ್ದರು. ಜೊತೆಗೆ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು ಇರುತ್ತಿದ್ದರು. ಶಾಲೆ ತೆರೆದ ಮೇಲೆ ತಿಂಗಳ ಸಭೆಯಲ್ಲಿ ಅನುಮಾನಗಳು ಮತ್ತೆ ಚರ್ಚೆಗೆ ಬರುತ್ತಿದ್ದವು. ಎಲ್ಲವೂ ಸರಳ ಹಿಂದಿಯಲ್ಲಿ. 2002ರಲ್ಲಿ ಸರ್ಕಾರ ಅದನ್ನು ನಿಲ್ಲಿಸಿತು, ಆದರೆ ಅದರ ಪಾಠ ಉಳಿದಿದೆ. ಚಟುವಟಿಕೆಯ ಮೂಲಕ ಕಲಿಸುವ ನಮ್ಮದೇ ನಲಿ-ಕಲಿ ಪದ್ಧತಿ 1995ರಲ್ಲಿ ಎಚ್.ಡಿ.ಕೋಟೆ ತಾಲ್ಲೂಕಿನಲ್ಲಿ ಚಿಗುರಿದ್ದು ಶಿಕ್ಷಕರೇ ಕೂತು ಕಾರ್ಡು, ಚಟುವಟಿಕೆಗಳನ್ನು ರೂಪಿಸಿದ್ದರಿಂದ.

ಎರಡೇ ಭಾಷೆಯ ಲೆಕ್ಕವೂ ಎಲ್ಲ ಕಡೆ ಸರಿಹೋಗದು. ಕಲ್ಯಾಣ ಕರ್ನಾಟಕದ ತಾಂಡಾದ ಮಗುವಿಗೆ ಮನೆಮಾತು ಲಂಬಾಣಿ. ಕನ್ನಡವೇ ಎರಡನೆಯದು, ಇಂಗ್ಲಿಷ್ ಮೂರನೆಯದು. ಆ ತರಗತಿಯನ್ನು ದ್ವಿಭಾಷಾ ಎಂದು ಕರೆದು ಕೈತೊಳೆದುಕೊಳ್ಳುವಂತಿಲ್ಲ. ಮಗು ತನ್ನ ಮಾತಿನಲ್ಲಿ ಮೊದಲು ಹೇಳಲಿ, ಕನ್ನಡದಲ್ಲಿ ಬರೆಯಲಿ, ಇಂಗ್ಲಿಷಿನಲ್ಲಿ ಒಂದು ವಾಕ್ಯ ಕಟ್ಟಲಿ ಎಂಬ ಕ್ರಮವನ್ನು ಶಿಕ್ಷಕರಿಗೆ ಮಾಡಿ ತೋರಿಸಬೇಕು.

ಆಗಬೇಕಾದ ಕೆಲಸ ಸ್ಪಷ್ಟವಿದೆ. ಕಲಿಕೆ ಹಿಂದುಳಿದ ತಾಲ್ಲೂಕುಗಳಲ್ಲಿ ಗಣಿತ, ವಿಜ್ಞಾನದ ಕಾಯಂ ಹುದ್ದೆಗಳನ್ನು ಮೊದಲು ತುಂಬಲಿ. ತರಬೇತಿ ಪಾಠವನ್ನು ಹಿಡಿದು ನಡೆಯಲಿ, ಎರಡೂ ಭಾಷೆಯಲ್ಲಿ, ಸಾಮಗ್ರಿ ಕೈಯಲ್ಲಿಟ್ಟುಕೊಂಡು. ಕ್ಲಸ್ಟರಿನ ಸಮಾಲೋಚನಾ ಸಭೆ ಅಂಕಿಅಂಶ ತುಂಬುವ ಸಭೆಯಾಗದೆ ಪಾಠದ ಚರ್ಚೆಗೆ ಮೀಸಲಾಗಲಿ. ತರಬೇತಿ ಫಲಿಸಿತೇ ಎಂದು ತಿಳಿಯಲು ಹಾಜರಾತಿ ಪಟ್ಟಿ ಸಾಲದು. ಆರನೇ ತರಗತಿಯ ಮಗುವೊಂದನ್ನು ಕರೆದು, ಮೂರನೇ ಎರಡು ಎಂದರೇನು ಎಂದು ಎರಡೂ ಭಾಷೆಯಲ್ಲಿ ಕೇಳಬೇಕು. ಅದು ರೇಖೆ ಎಳೆದು ವಿವರಿಸಿದರೆ ಅದರ ಶಿಕ್ಷಕರ ತರಬೇತಿ ಗೆದ್ದಿದೆ. ಬಾಯಿಪಾಠ ಒಪ್ಪಿಸಿದರೆ, ತಿದ್ದಬೇಕಾದದ್ದು ಮಗುವನ್ನಲ್ಲ, ನಮ್ಮ ತರಬೇತಿಯನ್ನು.