55ನೇ ನಡೆಗೆ ಮುಂಚೆ

2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ನಡೆದ ವಿಶ್ವ ಚೆಸ್ ಚಾಂಪಿಯನ್‌ಷಿಪ್‌ನ ಹದಿನಾಲ್ಕನೇ ಆಟದ ಕೊನೆಯ ಘಟ್ಟವನ್ನು ಮನೆಯ ಮಣೆಯ ಮೇಲೆ ಜೋಡಿಸಿ ನೋಡಿ. ಬಿಳಿ ಕಾಯಿಗಳ ಡಿಂಗ್ ಲಿರೆನ್ ಹತ್ತಿರ ಒಂದು ಆನೆ ಇದೆ, ಎ8 ಮೂಲೆಯಲ್ಲಿ ಕೂತ ಒಂದು ಒಂಟೆ ಇದೆ. ಎದುರಾಳಿ ಗುಕೇಶ್ ಹತ್ತಿರವೂ ಆನೆ, ಒಂಟೆ. ಜೊತೆಗೆ ಒಂದು ಕಾಲಾಳು ಹೆಚ್ಚು. ಕಾದು ಆಡಿದರೆ ಡ್ರಾ ಆಗುವ ಆಟ. 55ನೇ ನಡೆಯಲ್ಲಿ ಡಿಂಗ್ ತಮ್ಮ ಆನೆಯನ್ನು ಎಫ್2 ಮನೆಗೆ ತಂದರು. ಗುಕೇಶ್ ಆನೆಗೆ ಆನೆ ಹೊಡೆದು, ಒಂಟೆಯನ್ನು ಡಿ5ಕ್ಕೆ ಇಟ್ಟರು. ಮೂಲೆಯಲ್ಲಿರುವ ಒಂಟೆಗೆ ಇರುವುದು ಒಂದೇ ಕರ್ಣ, ಆ ದಾರಿಗೇ ಎದುರಾಳಿಯ ಒಂಟೆ ಅಡ್ಡ ನಿಂತಿದೆ. ಅದೂ ಬದಲಾಗಿ ಹೋದರೆ ಉಳಿಯುವುದು ರಾಜರು ಮತ್ತು ಕಾಲಾಳುಗಳು ಮಾತ್ರ. ಅಲ್ಲಿ ಹೆಚ್ಚಿನ ಒಂದು ಕಾಲಾಳೇ ಗೆಲುವು. ಡಿಂಗ್ ಮೇಜಿನ ಮೇಲೆ ತಲೆ ಬಗ್ಗಿಸಿದರು. 58ನೇ ನಡೆಗೆ ಆಟ ಮುಗಿಯಿತು. 7.5–6.5 ಅಂಕಗಳಿಂದ ಗೆದ್ದ ಗುಕೇಶ್ 18ನೇ ವಯಸ್ಸಿಗೆ ವಿಶ್ವ ಚಾಂಪಿಯನ್ ಆದರು. 1985ರಲ್ಲಿ ಕಾಸ್ಪರೋವ್ ಪಟ್ಟ ಏರಿದಾಗ ಅವರಿಗೆ 22.

ಪಂದ್ಯ ಮುಗಿದ ಕೂಡಲೇ ಟೀಕೆ ಶುರುವಾಯಿತು. ವಿಶ್ವ ಪಟ್ಟವೊಂದು ಇಷ್ಟು ಬಾಲಿಶವಾದ ತಪ್ಪಿನಿಂದ ತೀರ್ಮಾನವಾದದ್ದನ್ನು ತಾವು ಕಂಡಿಲ್ಲ ಎಂದು ಮಾಜಿ ಚಾಂಪಿಯನ್ ಕ್ರಾಮ್ನಿಕ್ ಬಹಿರಂಗವಾಗಿಯೇ ನೊಂದುಕೊಂಡರು. ಆಟದ ಮಟ್ಟದ ಬಗ್ಗೆ ಅವರ ಆಕ್ಷೇಪದಲ್ಲಿ ಸ್ವಲ್ಪ ನಿಜವಿದೆ. ಈ ಪಂದ್ಯ ಏರುಪೇರಿನದ್ದೇ. ಆದರೆ ಈ ತಪ್ಪು ಹಿಂದೆಂದೂ ಕಾಣದ್ದು ಎಂಬ ಮಾತನ್ನು ನಾನು ಒಪ್ಪಲಾರೆ. 1892ರಲ್ಲಿ ಹವಾನಾದಲ್ಲಿ ಸ್ಟೈನಿಟ್ಜ್ ವಿರುದ್ಧ ಗೆಲ್ಲುವ ಸ್ಥಿತಿಯಲ್ಲಿದ್ದ ಚಿಗೋರಿನ್, ತಮ್ಮ ರಾಜನ ಮೇಲಿನ ದಾಳಿಯನ್ನು ತಡೆದು ನಿಂತಿದ್ದ ಒಂಟೆಯನ್ನೇ ಎತ್ತಿ ಬೇರೆಡೆ ಇಟ್ಟು, ಎರಡೇ ನಡೆಗಳ ಚೆಕ್‌ಮೇಟ್‌ಗೆ ದಾರಿ ಕೊಟ್ಟರು. ವಿಶ್ವ ಪಟ್ಟದ ಆ ಪಂದ್ಯ ಅಲ್ಲಿಗೇ ಮುಗಿಯಿತು. 2014ರಲ್ಲಿ ಸೋಚಿಯಲ್ಲಿ ಕಾರ್ಲ್‌ಸನ್ ರಾಜನನ್ನು ತಪ್ಪು ಮನೆಗೆ ನಡೆಸಿದರು, ಎದುರಿಗಿದ್ದ ಆನಂದ್ ಅವರಿಗೂ ಅದು ಕಾಣಲಿಲ್ಲ. ಗಂಟೆಗಟ್ಟಲೆ ಒತ್ತಡದಲ್ಲಿ ಕೂತ ಮನುಷ್ಯ ಕಣ್ಣೆದುರಿನದನ್ನು ಕಾಣದೆ ಹೋಗುವುದು ಈ ಆಟದಷ್ಟೇ ಹಳೆಯದು.

ಈಗ ಪರದೆಯ ಪಕ್ಕದಲ್ಲಿ ಎಂಜಿನ್‌ನ ಯಾರು ಮುಂದೆ ಎಂದು ತೋರಿಸುವ ಕಪ್ಪು ಬಿಳುಪು ಪಟ್ಟಿ ಏರಿಳಿಯುತ್ತಾ ಇರುತ್ತದೆ. ಅದು ದಬಕ್ಕನೆ ಕುಸಿದ ಆ ಒಂದು ಕ್ಷಣವಷ್ಟೇ ನಮ್ಮ ನೆನಪಿನಲ್ಲಿ ಉಳಿಯುತ್ತದೆ. ಅದರ ಹಿಂದಿನ 54 ನಡೆಗಳನ್ನು ಯಾರು ಕೇಳುತ್ತಾರೆ? ಆ ದಿನ ಬಿಳಿ ಕಾಯಿ ಹಿಡಿದದ್ದು ಡಿಂಗ್. ಅಂಕ 6.5–6.5. ಮೊದಲ ನಡೆಯ ಲಾಭ ಕೈಯಲ್ಲಿದ್ದೂ ಅವರು ಕಾಯಿಗಳನ್ನು ಬದಲಾಯಿಸುತ್ತಾ, ಒಂದು ಕಾಲಾಳನ್ನು ಬಿಟ್ಟುಕೊಟ್ಟಾದರೂ ಸರಿ, ಡ್ರಾ ಆಗುವಂಥ ಅಂತ್ಯಕ್ಕೆ ಇಳಿದರು. ಡ್ರಾ ಆದರೆ ಮರುದಿನ ರ‍್ಯಾಪಿಡ್ ಟೈಬ್ರೇಕ್ ಇತ್ತು. ಅಲ್ಲಿ ಡಿಂಗ್ ಕೈ ಮೇಲು ಎಂದೇ ಹೆಚ್ಚಿನವರ ಎಣಿಕೆ. ಹಿಂದಿನ ವರ್ಷ ಅಸ್ತಾನಾದಲ್ಲಿ ನೆಪೋಮ್ನಿಯಾಚಿ ವಿರುದ್ಧ ಅವರು ಪಟ್ಟ ಗೆದ್ದದ್ದೂ ಹಾಗೆಯೇ. 2018ರಲ್ಲಿ ಲಂಡನ್ನಿನ ಪಟ್ಟದ ಪಂದ್ಯದಲ್ಲಿ ಹನ್ನೆರಡಕ್ಕೆ ಹನ್ನೆರಡೂ ಕ್ಲಾಸಿಕಲ್ ಆಟಗಳು ಡ್ರಾ ಆದವು. ಕೊನೆಯದರಲ್ಲಿ ಕಾರ್ಲ್‌ಸನ್ ಒಳ್ಳೆಯ ಸ್ಥಿತಿಯಲ್ಲಿದ್ದೂ ತಾವೇ ಡ್ರಾ ಕೇಳಿ, ಟೈಬ್ರೇಕ್‌ನಲ್ಲಿ ಕರುವಾನಾ ಅವರನ್ನು 3–0ಯಿಂದ ಸೋಲಿಸಿದರು. ನನ್ನ ದೊಡ್ಡ ತಕರಾರು ಇರುವುದು ಈ ಏರ್ಪಾಟಿನ ಮೇಲೆ. ವಾರಗಟ್ಟಲೆ ನಿಧಾನದ ಆಟ ಆಡಿಸಿ, ಪಟ್ಟವನ್ನು ವೇಗದ ಆಟಕ್ಕೆ ಒಪ್ಪಿಸುವ ನಿಯಮವೇ ಒಳ್ಳೆಯ ಆಟಗಾರನಿಗೆ ಸೋಲದಿದ್ದರೆ ಸಾಕು ಎಂದು ಕಲಿಸುತ್ತದೆ. ಡಿಂಗ್ ಆ ಪಾಠವನ್ನು ನಂಬಿದರು.

ಡಿಂಗ್ ಬಗ್ಗೆ ಹಗುರವಾಗಿ ಮಾತಾಡಬಾರದು. ಖಿನ್ನತೆಯ ಬಗ್ಗೆ ಮುಚ್ಚಿಡದೆ ಹೇಳಿಕೊಂಡವರು ಅವರು. ಜನವರಿಯಿಂದ ಒಂದೂ ಕ್ಲಾಸಿಕಲ್ ಗೆಲುವಿಲ್ಲದೆ ಬಂದು, ಮೊದಲ ಆಟವನ್ನೇ ಕಪ್ಪು ಕಾಯಿಗಳಲ್ಲಿ ಗೆದ್ದರು. ಹನ್ನೊಂದನೆಯದನ್ನು ಸೋತು, ಹನ್ನೆರಡನೆಯದರಲ್ಲಿ ಗುಕೇಶ್‌ಗೆ ಉಸಿರಾಡಲು ಬಿಡದಂತೆ ಆಡಿದರು. ಇಡೀ ಪಂದ್ಯದ ಅತಿ ಸೊಗಸಾದ ಗೆಲುವು ನನ್ನ ಲೆಕ್ಕದಲ್ಲಿ ಅದೇ, ಗುಕೇಶ್ ಗೆದ್ದ ಮೂರರಲ್ಲಿ ಯಾವುದೂ ಅಲ್ಲ.

ಆದರೂ ಪಟ್ಟ ಸರಿಯಾದವರ ಕೈ ಸೇರಿತು ಎನ್ನುತ್ತೇನೆ. ಅದಕ್ಕೆ ನಾನು ತೋರಿಸುವುದು ಆರನೇ ಆಟವನ್ನು. ಅಲ್ಲಿ ಗುಕೇಶ್‌ದು ಕಪ್ಪು, ಸ್ಥಿತಿ ತುಸು ಕೆಳಗೆ. ನಡೆಗಳನ್ನು ಮರುಕಳಿಸಿದ್ದರೆ ಡ್ರಾ ಸಿಗುತ್ತಿತ್ತು, ಯಾರೂ ತಪ್ಪೆನ್ನುತ್ತಿರಲಿಲ್ಲ. ಅವರು ಮಂತ್ರಿಯನ್ನು ಬೇರೆ ಕಡೆಗೆ ನಡೆಸಿ ಆಟ ಮುಂದುವರಿಸಿದರು. ವಿವೇಕವಿಲ್ಲದ ಹಟ ಎಂದು ಅಂದು ಹಲವರಿಗೆ ಅನ್ನಿಸಿತು, ನನಗೂ. ಆಟ ಡ್ರಾ ಆಯಿತು, ಅಂಕಪಟ್ಟಿಯಲ್ಲಿ ಅದಕ್ಕೆ ಅರ್ಧ ಅಂಕಕ್ಕಿಂತ ಹೆಚ್ಚೇನೂ ಸಿಗಲಿಲ್ಲ. ಹದಿನಾಲ್ಕನೇ ಆಟದಲ್ಲಿ ಒಂದೇ ಕಾಲಾಳಿನ ನೆವದಲ್ಲಿ ಅವರು ಡಿಂಗ್‌ರನ್ನು ಮೇಜಿನಿಂದ ಏಳಲು ಬಿಡದೆ ಕೂರಿಸಿಕೊಂಡಿದ್ದು ಅದೇ ಹಟದಿಂದ. ಒಂದು ಅಂಗುಲದಷ್ಟು ಜಾಗವೂ ಉಳಿಯದ ಆ ಮೂಲೆಯ ಒಂಟೆಯನ್ನು ಡಿಂಗ್ ಮರೆತದ್ದು ಆ ಕೂರುವಿಕೆಯ ಕೊನೆಯಲ್ಲಿ.