ಗೇಟು ಎತ್ತುವ ಹೊತ್ತು

ತುಂಗಭದ್ರಾ ಎಡದಂಡೆ ನಾಲೆಗೆ ನೀರು ಬಿಟ್ಟರೆಂಬ ಸುದ್ದಿ ಬಂದ ದಿನ ಸಿಂಧನೂರಿನ ಚಹಾದಂಗಡಿಗಳಲ್ಲಿ ಒಂದೇ ಮಾತು: ‘ನೀರು ಎಲ್ಲಿತನಕ ಬಂತ್ರಿ?’ ಎಷ್ಟು ಕ್ಯೂಸೆಕ್ ಬಿಟ್ಟರು ಎಂಬುದು ಆಮೇಲಿನ ಲೆಕ್ಕ. 227 ಕಿಲೋಮೀಟರ್ ಉದ್ದದ ನಾಲೆ ಇದು. 69ನೇ ಮೈಲಿನಲ್ಲಿ ಗೇಜ್ ಎಷ್ಟಡಿ ಇದೆ, 104ನೇ ಮೈಲಿಗೆ ಮುಟ್ಟಿತೋ ಇಲ್ಲವೋ ಎಂಬುದರ ಮೇಲೆ ರೈತರ ನಾಟಿಯ ದಿನ ನಿಂತಿರುತ್ತದೆ. ಅಣೆಕಟ್ಟೆಯಲ್ಲಿ ಗೇಟು ಎತ್ತಿದ ಗಳಿಗೆಯೇ ಬೇರೆ, ಕೊನೆ ಭಾಗದ ಗದ್ದೆಗೆ ನೀರು ಹರಿದ ಗಳಿಗೆಯೇ ಬೇರೆ. ಎರಡರ ನಡುವೆ ದಿನಗಳು ಉರುಳುತ್ತವೆ. ಆ ಅಂತರ ತಿಳಿಯದವನಿಗೆ ಈ ಸೀಮೆಯ ಬೇಸಾಯ ಒಲಿಯುವುದಿಲ್ಲ.

ಕ್ಲೌಡ್ ಸರ್ವರ್‌ಗಳನ್ನು ಹೊತ್ತಿಗೆ ತಕ್ಕಂತೆ ತಾವಾಗಿಯೇ ಹೆಚ್ಚಿ ತಗ್ಗುವಂತೆ ಹೊಂದಿಸುವ ಕೆಲಸಕ್ಕೂ, ಅಂದರೆ ಆಟೋ ಸ್ಕೇಲಿಂಗ್‌ಗೂ, ಮೊದಲು ಬೇಕಾದ ತಿಳಿವಳಿಕೆ ಇದೇ. ನಾನು ವರ್ಷಗಳಿಂದ ಪ್ರೀತಿಯಿಂದ ಮಾಡಿಕೊಂಡು ಬಂದ ಕೆಲಸವಿದು. ಇದರ ರುಚಿ ಇರುವುದು ಎಷ್ಟು ಸರ್ವರ್ ಎಬ್ಬಿಸಿದೆವು ಎಂಬುದರಲ್ಲಲ್ಲ, ಯಾವಾಗ ಎಬ್ಬಿಸಿದೆವು ಎಂಬುದರಲ್ಲಿ.

ಅಮೆಜಾನ್ ತನ್ನ ಸರ್ವರ್‌ಗಳನ್ನು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಕೊಡಲು ಶುರುಮಾಡಿದ್ದು 2006ರಲ್ಲಿ. 2009ರ ಮೇ ತಿಂಗಳಲ್ಲಿ ಅದಕ್ಕೆ ಮೂರು ಸೌಲಭ್ಯಗಳು ಒಟ್ಟಿಗೇ ಸೇರಿದವು: ಸರ್ವರ್‌ಗಳ ದುಡಿಮೆಯನ್ನು ಅಳೆಯುವ ಕ್ಲೌಡ್‌ವಾಚ್, ಬಂದ ಬೇಡಿಕೆಯನ್ನು ಹಂಚುವ ಲೋಡ್ ಬ್ಯಾಲೆನ್ಸರ್, ಅಳತೆ ನೋಡಿ ಸರ್ವರ್ ಕೂಡಿಸಿ ಕಳೆಯುವ ಆಟೋ ಸ್ಕೇಲಿಂಗ್. ನಾಲೆಯ ಮಾತಿನಲ್ಲಿ ಹೇಳುವುದಾದರೆ ಗೇಜ್, ವಿತರಣಾ ಕಾಲುವೆ, ಗೇಟು. ಮೂರೂ ಒಟ್ಟಿಗೆ ಬಂದದ್ದಕ್ಕೆ ಕಾರಣವಿದೆ. ಒಂದಿಲ್ಲದೆ ಇನ್ನೊಂದು ನಡೆಯದು. 2016ರಲ್ಲಿ ಮುಂಬೈಯಲ್ಲಿ, 2022ರಲ್ಲಿ ಹೈದರಾಬಾದಿನಲ್ಲಿ ಆ ಕಂಪನಿಯ ಕೇಂದ್ರಗಳು ತೆರೆದವು. ಈಗ ರಾಯಚೂರು ಜಿಲ್ಲೆಯ ಮೂಲೆಯಲ್ಲಿ ಕುಳಿತವನೂ ನೆರೆಯೂರಿನ ಯಂತ್ರಗಳನ್ನು ಬೇಕಾದ ಹೊತ್ತಿಗೆ ಎಬ್ಬಿಸಿ, ಬೇಡವಾದಾಗ ಮಲಗಿಸಬಹುದು.

ಸಿಂಧನೂರಿನಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ತರಬೇತಿ ಕೊಡುವ ಒಂದು ಸಂಸ್ಥೆಗೆ ನಾನು ಆನ್‌ಲೈನ್ ಅಣಕು ಪರೀಕ್ಷೆಯ ವ್ಯವಸ್ಥೆ ಮಾಡಿಕೊಟ್ಟಿದ್ದೆ. ಪ್ರತಿ ಭಾನುವಾರ ಬೆಳಿಗ್ಗೆ 10ಕ್ಕೆ ಶುರು, 12ಕ್ಕೆ ಮುಗಿತಾಯ, 100 ಪ್ರಶ್ನೆ. ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳ ಹುಡುಗ ಹುಡುಗಿಯರು ಮನೆಯಲ್ಲೇ ಕುಳಿತು ಮೊಬೈಲಿನಲ್ಲಿ ಬರೆಯುತ್ತಿದ್ದರು. ಕನಿಷ್ಠ 2 ಸರ್ವರ್, ಗರಿಷ್ಠ 8, ಸಿಪಿಯು ದುಡಿಮೆಯ ಗುರಿ ಶೇ 60 ಎಂದು ನಿಗದಿ ಮಾಡಿದ್ದೆ. ಕಾಗದದ ಮೇಲೆ ಯಾವ ತಪ್ಪೂ ಇರಲಿಲ್ಲ.

ಮೊದಲ ಭಾನುವಾರ 10 ಗಂಟೆ ಹೊಡೆಯಿತು. ಎಲ್ಲರೂ ಒಂದೇ ನಿಮಿಷದಲ್ಲಿ ಒಳಗೆ ಬಂದರು. ಗೇಜ್ ನಿಮಿಷಕ್ಕೊಮ್ಮೆ ಅಳೆಯುತ್ತಿತ್ತು. ಸತತ ಮೂರು ನಿಮಿಷ ಅಳತೆ ಗುರಿ ಮೀರಿದರೆ ಮಾತ್ರ ಅಲಾರಂ ಕೂಗುವುದು ಅದರ ನಿಯಮ. ಅಲ್ಲಿಗೆ 10:04. ಹೊಸ ಸರ್ವರ್ ಎದ್ದು, ತನಗೆ ಬೇಕಾದ ತಂತ್ರಾಂಶವನ್ನೆಲ್ಲ ಇಳಿಸಿಕೊಂಡು, ಆರೋಗ್ಯ ತಪಾಸಣೆ ಮುಗಿಸಿ ಸಾಲಿಗೆ ಸೇರಿದ್ದು 10:09ಕ್ಕೆ. ಅಷ್ಟರಲ್ಲಿ ಫೋನಿನ ಮೇಲೆ ಫೋನು: ‘ಸರ್, ಟೆಸ್ಟ್ ಓಪನ್ ಆಗವಲ್ದ್ರಿ.’ ಪುಟ ತೆರೆಯದಿದ್ದವರು ಮತ್ತೆ ಮತ್ತೆ ರಿಫ್ರೆಶ್ ಒತ್ತಿದರು. ಒಬ್ಬರ ಬೇಡಿಕೆ ಹತ್ತಾಗಿ ಬಂದು ಇದ್ದ ಎರಡು ಸರ್ವರ್‌ಗಳೂ ನೆಲ ಹಿಡಿದವು.

ನನ್ನನ್ನು ಹೆಚ್ಚು ನೋಯಿಸಿದ್ದು ಅದರ ನಂತರದ ಘಟನೆ. ಪ್ರಶ್ನೆಪತ್ರಿಕೆ ತೆರೆದ ಮೇಲೆ ಮಕ್ಕಳು ಓದುತ್ತ, ಯೋಚಿಸುತ್ತ ಕೂರುತ್ತಾರೆ. ಸರ್ವರ್‌ಗೆ ಕೆಲಸ ಕಡಿಮೆ. ಹದಿನೈದು ನಿಮಿಷ ಬಿಡುವು ಕಂಡ ಕೂಡಲೇ ವ್ಯವಸ್ಥೆ ‘ಇನ್ನು ಇಷ್ಟು ಬೇಡ’ ಎಂದು ತೀರ್ಮಾನಿಸಿ ಒಂದೊಂದೇ ಸರ್ವರ್ ಕಳೆಯತೊಡಗಿತು. ಹಾಗೆ ಹೋದ ಒಂದು ಸರ್ವರ್‌ನ ನೆನಪಿನಲ್ಲಿ ಮಸ್ಕಿಯ ಒಬ್ಬ ಹುಡುಗಿ ಬರೆದ ಉತ್ತರಗಳಿದ್ದವು. ಸರ್ವರ್‌ನೊಂದಿಗೆ ಅವೂ ಹೋದವು. ಅರವತ್ತು ಪ್ರಶ್ನೆ ಮುಗಿಸಿದ್ದ ಆಕೆ ಮತ್ತೆ ಒಂದನೇ ಪ್ರಶ್ನೆಯಿಂದ ಆರಂಭಿಸಬೇಕಾಯಿತು. 12 ಗಂಟೆಗೆ ಎಲ್ಲರೂ ಒಟ್ಟಿಗೇ ‘ಸಲ್ಲಿಸಿ’ ಒತ್ತಿದಾಗ ಬೆಳಗಿನ ಪಾಡೇ ಮರುಕಳಿಸಿತು.

ಆ ವಾರವಿಡೀ ಕುಳಿತು ಕಲಿತದ್ದನ್ನು ಓದುಗರ ಮುಂದಿಡುತ್ತೇನೆ.

ಮೊದಲನೆಯದು ಸರ್ವರ್ ಸಿದ್ಧವಾಗುವ ಹೊತ್ತು. ನನ್ನ ಸರ್ವರ್ ಎದ್ದ ಮೇಲೆ ತಂತ್ರಾಂಶ ಇಳಿಸಿಕೊಳ್ಳುತ್ತಿತ್ತು. ಉಳುಮೆಯ ಹೊತ್ತಿಗೆ ನೇಗಿಲು ಕೆತ್ತಿಸಿದ ಹಾಗೆ. ಎಲ್ಲವನ್ನೂ ಮೊದಲೇ ತುಂಬಿಟ್ಟ ಒಂದು ಅಚ್ಚು ಮಾಡಿಕೊಂಡೆ. ನಾಲ್ಕು ನಿಮಿಷಕ್ಕೂ ಮೀರಿದ ತಯಾರಿ 70 ಸೆಕೆಂಡಿಗೆ ಇಳಿಯಿತು. ಈ ಅಚ್ಚಿನ ಮಾತು ಬಂದಾಗಲೆಲ್ಲ ನನಗೆ ಮಸ್ಕಿಯ ಬಂಡೆ ನೆನಪಾಗುತ್ತದೆ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಅಲ್ಲಿ ಗುರುತಿಸಿದ ಅಶೋಕನ ಶಾಸನದ ಒಕ್ಕಣೆಯೇ ಕೊಪ್ಪಳದ ಗವಿಮಠದಲ್ಲೂ ಪಾಲ್ಕಿಗುಂಡಿನಲ್ಲೂ ಇದೆ. ಆಜ್ಞೆ ಒಂದೇ ಆದರೂ ಬಂಡೆಯಿಂದ ಬಂಡೆಗೆ ಅಕ್ಷರಗಳು ಅಲ್ಲಲ್ಲಿ ಬದಲಾಗಿವೆ. ಈ ಮೂರರಲ್ಲಿ ಮಸ್ಕಿಯಲ್ಲಿ ಮಾತ್ರ ‘ದೇವಾನಾಂಪ್ರಿಯ’ನ ಜೊತೆ ಅಶೋಕನ ಹೆಸರೂ ಸಿಕ್ಕಿತು, ಆ ಹೆಚ್ಚಿನ ಒಂದು ಪದ ಇತಿಹಾಸಕ್ಕೆ ವರವಾಯಿತು. ಸರ್ವರ್‌ಗಳಲ್ಲಿ ಅಂಥ ವ್ಯತ್ಯಾಸ ಶಾಪ. ಓಡುತ್ತಿರುವ ಯಂತ್ರಕ್ಕೆ ಕೈಯಾರೆ ಮಾಡಿದ ತಿದ್ದುಪಡಿ ಅಚ್ಚಿಗೆ ಸೇರದಿದ್ದರೆ, ನಾಳೆ ಏಳುವ ಯಂತ್ರಕ್ಕೆ ಅದು ಗೊತ್ತೇ ಇರುವುದಿಲ್ಲ. ತಿದ್ದುವುದಿದ್ದರೆ ಅಚ್ಚನ್ನೇ ತಿದ್ದಬೇಕು.

ಎರಡನೆಯದು ಗೇಜ್. ಅಮೆಜಾನಿನ ಸಾಮಾನ್ಯ ಅಳತೆ ಐದು ನಿಮಿಷಕ್ಕೊಮ್ಮೆ. ಹೆಚ್ಚಿನ ಹಣ ಕೊಟ್ಟರೆ ನಿಮಿಷಕ್ಕೊಮ್ಮೆ. ಸ್ಕೇಲಿಂಗ್ ಮಾಡುವವರು ಆ ಹಣ ಉಳಿಸಲು ಹೋಗಬಾರದು. ಇನ್ನೂ ಮುಖ್ಯವಾದದ್ದು ಏನನ್ನು ಅಳೆಯುತ್ತೇವೆ ಎಂಬುದು. ಡೇಟಾಬೇಸ್ ಉತ್ತರಕ್ಕಾಗಿ ಕಾಯುತ್ತ ನಿಂತ ಸರ್ವರ್‌ನ ಸಿಪಿಯು ತಣ್ಣಗಿರುತ್ತದೆ, ಹೊರಗೆ ಸಾಲು ಮಾತ್ರ ಬೆಳೆಯುತ್ತದೆ. ಆದ್ದರಿಂದ ನಾನು ಸಿಪಿಯು ಬಿಟ್ಟು, ಒಂದೊಂದು ಸರ್ವರ್‌ಗೆ ನಿಮಿಷಕ್ಕೆ ಎಷ್ಟು ಬೇಡಿಕೆ ಬರುತ್ತಿದೆ ಎಂಬುದನ್ನೇ ಗೇಜ್ ಮಾಡಿಕೊಂಡೆ. ಇದರ ಲೆಕ್ಕ ಸರಳ. 4 ಸರ್ವರ್ ಇದ್ದು, ತಲಾ 50 ಇರಬೇಕಾದ ಕಡೆ 75 ಬರುತ್ತಿದ್ದರೆ, 4ನ್ನು 75ರಿಂದ ಗುಣಿಸಿ 50ರಿಂದ ಭಾಗಿಸಿ: 6 ಬೇಕು. ಸರ್ವರ್ ಗುಂಪುಗಳನ್ನು ನಿಭಾಯಿಸುವ ತಂತ್ರಾಂಶವಾದ ಕುಬರ್ನೆಟಿಸ್‌ನ ಆಟೋ ಸ್ಕೇಲರ್ ಕೂಡ ಹದಿನೈದು ಸೆಕೆಂಡಿಗೊಮ್ಮೆ ಇದೇ ಭಾಗಾಕಾರ ಮಾಡುತ್ತದೆ. ಅಳತೆ ಗುರಿಯ ಹತ್ತರಲ್ಲೊಂದು ಪಾಲಿನಷ್ಟು ಆಚೀಚೆ ಆದರೆ ಅದು ಕೈಕಟ್ಟಿ ಕೂರುತ್ತದೆ. ಪ್ರತಿ ಅಲುಗಾಟಕ್ಕೂ ಗೇಟು ಎತ್ತಿ ಇಳಿಸಿದರೆ ನಾಲೆ ಒಂದು ಮಟ್ಟದಲ್ಲಿ ಹರಿಯುವುದೇ ಇಲ್ಲ.

ಮೂರನೆಯದು ಪಂಚಾಂಗ. ಈ ಅಂಕಣದಲ್ಲಿ ನಾನು ಒತ್ತಿ ಹೇಳಬೇಕೆಂದಿರುವುದು ಇದನ್ನೇ. ನಮ್ಮ ಬದುಕಿನ ದೊಡ್ಡ ನೂಕುನುಗ್ಗಲುಗಳಲ್ಲಿ ಅನಿರೀಕ್ಷಿತವಾದವು ಕಡಿಮೆ. ರೈಲ್ವೆಯ ತತ್ಕಾಲ್ ಟಿಕೆಟ್ ಎಸಿಗೆ 10ಕ್ಕೆ, ಉಳಿದವಕ್ಕೆ 11ಕ್ಕೆ ಎಂಬುದು ಎಲ್ಲರಿಗೂ ಗೊತ್ತು. ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳು ಕಾಯುವ ಎಸ್ಸೆಸ್ಸೆಲ್ಸಿ ಫಲಿತಾಂಶದ ಗಳಿಗೆಯನ್ನು ಮುಂಚಿತವಾಗಿಯೇ ಸಾರುತ್ತಾರೆ. ಗೊತ್ತಿರುವ ನೂಕುನುಗ್ಗಲನ್ನು ಗೇಜ್ ನೋಡಿ ಎದುರಿಸುವುದು, ಮಳೆ ಬಿದ್ದ ಮೇಲೆ ಸೂರು ಹುಡುಕಿದಂತೆ. ಹೀಗಾಗಿ ಭಾನುವಾರ 9:40ಕ್ಕೇ ಕನಿಷ್ಠ ಸಂಖ್ಯೆಯನ್ನು 8ಕ್ಕೆ, ಗರಿಷ್ಠವನ್ನು 10ಕ್ಕೆ ಏರಿಸುವ, 12:20ಕ್ಕೆ ಕನಿಷ್ಠವನ್ನು ಮತ್ತೆ 2ಕ್ಕೆ ಇಳಿಸುವ ವೇಳಾಪಟ್ಟಿ ಬರೆದೆ. ಇಲ್ಲೊಂದು ಗುಂಡಿ ಇದೆ, ನೋಡಿಕೊಂಡು ಹೆಜ್ಜೆ ಇಡಿ: ಈ ವೇಳಾಪಟ್ಟಿಗಳು ನಾವು ಬೇರೆ ಹೇಳದಿದ್ದರೆ ಜಾಗತಿಕ ಸಮಯವನ್ನೇ ಹಿಡಿಯುತ್ತವೆ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದು. ಸುಮ್ಮನೆ 9:40 ಎಂದು ಬರೆದರೆ ಸರ್ವರ್‌ಗಳು ಏಳುವುದು ನಮ್ಮ ಮಧ್ಯಾಹ್ನ 3:10ಕ್ಕೆ, ಪರೀಕ್ಷೆ ಮುಗಿದು ಮೂರು ಗಂಟೆಯಾದ ಮೇಲೆ. ಏಷ್ಯಾ/ಕೋಲ್ಕತ್ತಾ ಎಂಬ ಕಾಲವಲಯವನ್ನು ತಪ್ಪದೆ ನಮೂದಿಸಬೇಕು.

ಇದು ಸಣ್ಣ ಊರಿನ ಸಣ್ಣ ವ್ಯವಸ್ಥೆಯ ಮಾತು ಮಾತ್ರವಲ್ಲ. 2019ರ ಜುಲೈಯಲ್ಲಿ ಮ್ಯಾಂಚೆಸ್ಟರಿನಲ್ಲಿ ಭಾರತ ನ್ಯೂಜಿಲೆಂಡ್ ವಿಶ್ವಕಪ್ ಸೆಮಿಫೈನಲ್ ನಡೆದಾಗ ಹಾಟ್‌ಸ್ಟಾರ್‌ನಲ್ಲಿ ಏಕಕಾಲಕ್ಕೆ 2.53 ಕೋಟಿ ಜನ ನೋಡುತ್ತಿದ್ದರು. ಧೋನಿ ಕ್ರೀಸಿನಲ್ಲಿದ್ದಷ್ಟು ಹೊತ್ತು ಸಂಖ್ಯೆ ಏರುತ್ತಲೇ ಇತ್ತು. ಸಿದ್ಧ ಆಟೋ ಸ್ಕೇಲಿಂಗ್ ಇಂಥ ಏರಿಕೆಯ ವೇಗಕ್ಕೆ ಸಾಲದೆಂದು, ನೋಡುಗರ ಸಂಖ್ಯೆಯನ್ನೇ ಅಳತೆಯಾಗಿಟ್ಟುಕೊಂಡು ಒಂದಷ್ಟು ಹೆಚ್ಚುವರಿ ಸರ್ವರ್‌ಗಳನ್ನು ಸದಾ ಮುಂಚಿತವಾಗಿ ಎಬ್ಬಿಸಿಟ್ಟುಕೊಂಡಿದ್ದೆವು ಎಂದು ಅಲ್ಲಿನ ಎಂಜಿನಿಯರುಗಳು ಆಮೇಲೆ ವಿವರಿಸಿದರು. ಅವರು ಹೇಳಿದ ಇನ್ನೊಂದು ಮಾತು ನನ್ನ ಮನಸ್ಸಿನಲ್ಲಿ ನಿಂತಿದೆ. ಮೆಚ್ಚಿನ ಆಟಗಾರ ಔಟಾದ ಕೂಡಲೇ ಜನ ವಿಡಿಯೊ ಬಿಟ್ಟು ಒಟ್ಟಿಗೇ ಮುಖಪುಟಕ್ಕೆ ಹಿಂದಿರುಗುತ್ತಾರೆ. ನೋಡುಗರು ಕಡಿಮೆಯಾದರೆಂದು ಆಗ ಸರ್ವರ್ ಇಳಿಸಿದರೆ ಮುಖಪುಟವೇ ಕುಸಿಯುತ್ತದೆ. ನಮ್ಮ ಮಕ್ಕಳ 12 ಗಂಟೆಯ ‘ಸಲ್ಲಿಸಿ’ ಒತ್ತುವಿಕೆಯೂ ಅದೇ ಜಾತಿಯದು.

ಆದ್ದರಿಂದ ನಾಲ್ಕನೆಯ ಪಾಠ: ಏರುವಾಗ ಅವಸರ, ಇಳಿಯುವಾಗ ಸಾವಧಾನ. 2017ರಿಂದ ಲಿನಕ್ಸ್ ಸರ್ವರ್‌ಗಳ ಬಾಡಿಗೆ ಸೆಕೆಂಡು ಲೆಕ್ಕಕ್ಕೆ ಬಂದಿದೆ. ಅರ್ಧ ಗಂಟೆ ಹೆಚ್ಚು ಇಟ್ಟುಕೊಂಡರೆ ತೆರುವುದು ಆ ಅರ್ಧ ಗಂಟೆಗೆ ಮಾತ್ರ. ಕಳೆಯುವ ಮುನ್ನ ಸರ್ವರ್ ತನ್ನ ಕೈಲಿರುವ ಕೆಲಸ ಮುಗಿಸಲು ಲೋಡ್ ಬ್ಯಾಲೆನ್ಸರ್ 300 ಸೆಕೆಂಡು ಕೊಡುತ್ತದೆ. ಅದನ್ನು ಮೊಟಕು ಮಾಡಬೇಡಿ. ಬರೆಯುವವರ ಉತ್ತರಗಳು ಯಾವ ಸರ್ವರ್‌ನ ಹೊಟ್ಟೆಯಲ್ಲೂ ಉಳಿಯಕೂಡದು. ಈಗ ಒಂದೊಂದು ಉತ್ತರ ಗುರುತು ಹಾಕಿದಾಗಲೂ ಅದು ಎಲ್ಲ ಸರ್ವರ್‌ಗಳಿಗೂ ಸಾಮಾನ್ಯವಾದ ಒಂದು ಕಣಜಕ್ಕೆ ಹೋಗಿ ಬೀಳುತ್ತದೆ. ಯಾವ ಸರ್ವರ್ ಹೋದರೂ ಮಸ್ಕಿಯ ಆ ಹುಡುಗಿಯ ಶ್ರಮ ಹೋಗುವುದಿಲ್ಲ.

ಐದನೆಯದು ಮೂಲದ ಲೆಕ್ಕ. ತೂಬು ಎಷ್ಟೇ ತೆರೆದರೂ ನಾಲೆಯಲ್ಲಿರುವಷ್ಟೇ ನೀರು. ಶನಿವಾರ ರಾತ್ರಿ ತಾಲೀಮಿನ ತಂತ್ರಾಂಶ ಜೆಮೀಟರ್‌ನಿಂದ ಸುಳ್ಳು ಬೇಡಿಕೆ ಹರಿಸಿ ತಾಲೀಮು ಮಾಡಿದಾಗ ಇದು ಕಣ್ಣಿಗೆ ಬಿತ್ತು. ಪ್ರತಿ ಸರ್ವರ್ ಡೇಟಾಬೇಸಿನೊಂದಿಗೆ 20 ಸಂಪರ್ಕ ಹಿಡಿಯುತ್ತಿತ್ತು. 8 ಸರ್ವರ್ ಅಂದರೆ 160. ಪೋಸ್ಟ್‌ಗ್ರೆಸ್ ಎಂಬ ನಮ್ಮ ಡೇಟಾಬೇಸ್ ಮೂಲತಃ ಒಪ್ಪುವುದು 100 ಸಂಪರ್ಕಗಳನ್ನು. ಆರನೆಯ ಸರ್ವರ್ ಎದ್ದ ಕ್ಷಣದಿಂದಲೇ ಬಾಗಿಲು ಮುಚ್ಚಿತು. ಸರ್ವರ್ ಹೆಚ್ಚಿದಷ್ಟೂ ಪರದಾಟ ಹೆಚ್ಚಿತು. ತಲಾ 8 ಸಂಪರ್ಕಕ್ಕೆ ಇಳಿಸಿದೆ. ಹತ್ತು ಸರ್ವರ್ ಎದ್ದರೂ 80. ಗರಿಷ್ಠ ಮಿತಿಯನ್ನು ಬಿಲ್ಲಿನ ಹೆದರಿಕೆಗಾಗಿ ಹಾಕುತ್ತಾರೆಂದು ಹಲವರು ತಿಳಿದಿದ್ದಾರೆ. ಅದಕ್ಕಿಂತ ಮಿಗಿಲಾಗಿ ಅದು ಹಿಂದಿನ ಡೇಟಾಬೇಸನ್ನು ಕಾಯುವ ಕಟ್ಟೆ.

ಒಂದು ಯಂತ್ರ ಕೈಕೊಟ್ಟರೆ ಏನು ಗತಿ ಎಂಬುದನ್ನೂ ಲೆಕ್ಕಕ್ಕೆ ಸೇರಿಸಬೇಕು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದರ ಚೈನ್ ಕಡಿದು ಗೇಟೇ ಕೊಚ್ಚಿಹೋದಾಗ, ಒತ್ತಡ ಇಳಿಸಲು ಉಳಿದ ಗೇಟುಗಳನ್ನು ಎತ್ತಿ ಹೊಳೆಗೆ ನೀರು ಬಿಡಬೇಕಾಯಿತು. ಒಂದರ ಸೋಲಿನ ಭಾರವನ್ನು ಉಳಿದವೆಲ್ಲ ಹೊರುತ್ತವೆ. 7 ಸರ್ವರ್ ಸಾಕಾಗುವ ಕಡೆ ನಾನು 8 ಇಡುವುದು ಇದಕ್ಕಾಗಿ.

ಸರ್ವರ್ ಹೆಚ್ಚಿಸುವುದಷ್ಟೇ ದಾರಿಯಲ್ಲ, ಬೇಡಿಕೆಗೂ ಸರದಿ ಹಚ್ಚಬಹುದು. ನಾಲೆಯಲ್ಲಿ ನೀರು ಕಡಿಮೆಯಾದಾಗ ಉಪಕಾಲುವೆಗಳಿಗೆ ಸರದಿಯ ಮೇಲೆ ಬಿಡುವುದನ್ನು ಕಂಡವರು ನಾವು. 2023ರ ಜುಲೈಯಲ್ಲಿ ಗೃಹಲಕ್ಷ್ಮಿ ನೋಂದಣಿ ಶುರುವಾದಾಗ ಫಲಾನುಭವಿಗಳಿಗೆ ಇಂಥ ದಿನ, ಇಂಥ ಹೊತ್ತಿಗೆ, ಇಂಥ ಕೇಂದ್ರಕ್ಕೆ ಬನ್ನಿ ಎಂದು ಎಸ್ಸೆಮ್ಮೆಸ್ ಬರುತ್ತಿದ್ದುದೂ ಇದೇ ಜಾಣತನ. ನಮ್ಮ ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆ 9:45ರಿಂದಲೇ ಬೀಗ ಹಾಕಿದ ಸ್ಥಿತಿಯಲ್ಲಿ ಮೊಬೈಲಿಗೆ ಇಳಿಯುತ್ತದೆ, 10ಕ್ಕೆ ಬೀಗ ತೆರೆಯುತ್ತದೆ. ಒಂದು ನಿಮಿಷದ ನುಗ್ಗಾಟ ಹದಿನೈದು ನಿಮಿಷಕ್ಕೆ ಹರಡಿಕೊಂಡಿತು. ಲಿಂಗಸುಗೂರು ಕಡೆಯ ಹಳ್ಳಿಗಳಲ್ಲಿ ನೆಟ್‌ವರ್ಕ್ ಬಂದು ಹೋಗುವ ಕಡೆ ಇರುವವರಿಗೆ ಇದರಿಂದ ಆದ ಅನುಕೂಲ ಹೆಚ್ಚು.

ಎರಡನೆಯ ಭಾನುವಾರ 10 ಗಂಟೆಗೆ ನನ್ನ ಫೋನು ಸುಮ್ಮನಿತ್ತು. 8 ಸರ್ವರ್‌ಗಳು ಇಪ್ಪತ್ತು ನಿಮಿಷ ಮೊದಲೇ ಸಜ್ಜಾಗಿ ನಿಂತಿದ್ದವು.

ಹಾಲಿನ ಡೇರಿ ಇರಲಿ, ಅಕ್ಕಿ ಗಿರಣಿ ಇರಲಿ, ಶಾಲೆ ಇರಲಿ, ನಿಮ್ಮೂರಿನಲ್ಲಿ ಇಂಥ ವ್ಯವಸ್ಥೆ ನಡೆಸುವವರಿಗೆ ನನ್ನ ವಿನಂತಿ ಇಷ್ಟೇ. ಈ ವಾರ ಒಂದು ಹೊಸ ಸರ್ವರ್‌ಗೆ ಆದೇಶ ಕೊಟ್ಟು, ಅದು ಮೊದಲ ಉತ್ತರ ಕೊಡುವವರೆಗೆ ಕೈಗಡಿಯಾರ ಹಿಡಿದು ಎಣಿಸಿ. ಬಂದ ನಿಮಿಷ ಸೆಕೆಂಡುಗಳನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ. ನಿಮ್ಮ ಗೇಟು ಎತ್ತುವ ಹೊತ್ತನ್ನು ನಿರ್ಧರಿಸುವುದು ಆ ಅಂಕಿಯೇ.